ಇಂಜಿನಿನ ಬಡಿತ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ, ಹೊಲಿಗೆ, ಸಂಗೀತ, ಗುರುಸ್ಮರಣೆ ಮೊದಲಾದ ವಿಷಯಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರಿರುವರೆಂದು ತಿಳಿದು, ನಾನು ಮೋಟಾರು ಇಂಜಿನಿನ ಒಂದು ರೋಗದ ವಿಷಯವನ್ನು ಆರಿಸಿಕೊಂಡೆನು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಇದೆಂತಹ ಲೇಖನವೆಂದು ಯಾರಾದರೂ ಹುಬ್ಬೇರಿಸಿದರೆ, ಕಡೆಯವರೆಗೆ ಓದಿ ಆಮೇಲೆ ತೀರ್ಪು ಹೇಳಬೇಕಾಗಿ ಪ್ರಾರ್ಥನೆ.

ಆ ರೋಗಕ್ಕೆ ಕೆಲಸಗಾರರು ‘ನಾಕಿಂಗು’ ಎನ್ನುವರು, ನಾವು ಬಡಿತವೆನ್ನೋಣ. ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಸಿಲಿಂಡರಿನೊಳಗೆ ಒತ್ತಲ್ಪಟ್ಟಾಗ ಪ್ಲಗ್ಗಿನ ಕಿಡಿಯಿಂದ ಅದಕ್ಕೆ ಬೆಂಕಿ ಹತ್ತುವುದು. ಹಿತ್ತಿಲ ತರಗೆಲೆಯ ರಾಶಿಯ ಒಂದಂಚಿಗೆ ಇಟ್ಟ ಬೆಂಕಿಯು ಮತ್ತೊಂದಂಚಿಗೆ ಹರಿಯುವಂತೆ, ಈ ಜ್ವಾಲೆಯೂ ಕ್ರಮವಾಗಿ ಹರಿದು ಪಿಸ್ಟನನ್ನು ಕೆಳಕ್ಕೆ ನೂಕಬೇಕು. ಆದರೆ ಶಾಖವೂ ಒತ್ತಡವೂ ಮಿತಿಮೀರಿದರೆ, ಜ್ವಾಲೆಯು ತಲಪುವ ಮೊದಲೇ ದೂರದ ಮೂಲೆಯ ಮಿಶ್ರಣವು ತಾನಾಗಿಯೇ ಹೊತ್ತಿ ಒಮ್ಮೆಲೇ ಸಿಡಿಯುವುದು. ಆ ಸದ್ದು ತಗಡಿನ ಡಬ್ಬಿಯಲ್ಲಿ ಮೊಳೆಗಳನ್ನು ಕುಲುಕಿದಂತಿರುವುದು. ನಿಮಿಷಕ್ಕೆ 3000 ಸುತ್ತು ತಿರುಗುವ ಇಂಜಿನಿನಲ್ಲಿ ಒಂದೊಂದು ಸಿಲಿಂಡರೂ ಸೆಕೆಂಡಿಗೆ 25 ಸಲ ಉರಿಯುವುದರಿಂದ, ಇಂತಹ ಪೆಟ್ಟುಗಳನ್ನು ಬಹುಕಾಲ ತಿಂದ ಪಿಸ್ಟನು ತೂತುಬೀಳುವುದೂ ಉಂಟು.

ನನ್ನ ತಂಗಿಯ ಮಗಳು ಮಣಿಪಾಲದಲ್ಲಿ ಇಂಜಿನಿಯರಿಂಗು ಓದಿದವಳು. 1957ರಲ್ಲಿ ಸ್ಥಾಪಿತವಾದ ಅಲ್ಲಿನ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು 2007ರಲ್ಲಿ ‘ಫಾರ್ಮುಲಾ ಮಣಿಪಾಲ’ವೆಂಬ ತಂಡವನ್ನು ಕಟ್ಟಿ, ಪಂದ್ಯದ ಕಾರುಗಳನ್ನು ತಾವೇ ನಿರ್ಮಿಸತೊಡಗಿದರು. ಆ ಊರಿನ ಗಾಳಿ ಸೋಕಿದ ಹುಡುಗಿಯು ತನ್ನ ಮೊದಲ ಸಂಬಳಗಳಲ್ಲಿ ಉಳಿಸಿದ ಹಣದಿಂದ, ರ‍್ಯಾಲಿಗಾಗಿ ಹದಗೊಳಿಸಿದ್ದ ಹಳೆಯ ಮಾರುತಿ ಎಸ್ಟೀಮ್ ಕಾರೊಂದನ್ನು ಕೊಂಡಳು. 1298 ಸಿ.ಸಿ.ಯ ಕಾರ್ಬುರೇಟರು ಇಂಜಿನು. ಹಿಂದಿನ ಒಡೆಯರು ಸಿಲಿಂಡರಿನ ಹೆಡ್ಡನ್ನು ತುಸು ಸವೆಯಿಸಿ ಒತ್ತಡವನ್ನು ಹೆಚ್ಚಿಸಿದ್ದರು. ಕಾರು ಕಾಪುವಿನ ಮನೆಗೆ ಬಂದ ತಿಂಗಳೊಳಗೆ ಬಡಿತವು ಕೇಳತೊಡಗಿತು.

ಒಬ್ಬ ಮೆಕ್ಯಾನಿಕರು, ಬೇರಿಂಗು ಹೋಗಿದೆ, ಇಂಜಿನನ್ನು ಪೂರ್ತಿ ಬಿಚ್ಚಬೇಕೆಂದರು. ಇನ್ನೊಬ್ಬರು, ಕಿಡಿಯ ಕಾಲವನ್ನು, ಅಂದರೆ ಟೈಮಿಂಗನ್ನು, ಹಿಂದಕ್ಕೆ ತಿರುಗಿಸಿದರೆ ಸದ್ದಡಗುವುದೆಂದರು. ಹುಡುಗಿಯ ತಂದೆಯು, “ಬಿಚ್ಚುವುದಾದರೆ ಗುಜರಿಗೆ ಕೊಟ್ಟುಬಿಡು, ಈ ಹುಚ್ಚು ಇಲ್ಲಿಗೆ ಸಾಕು” ಎಂದು ಕಡ್ಡಿಮುರಿದಂತೆ ಹೇಳಿಬಿಟ್ಟರು. ಕಾರಿನೊಡನೆ ಅವಳ ವಿದ್ಯೆಯ ಮೇಲಣ ನಂಬಿಕೆಯೂ ಗುಜರಿಗೆ ಹೋಗುವುದರಲ್ಲಿತ್ತು. “ದೊಡ್ಡಮ್ಮ, ಅಪ್ಪನಿಂದ ನನಗೆ ಒಂದು ವಾರ ಕೊಡಿಸಿ” ಎಂದು ಅವಳು ನನ್ನಲ್ಲಿಗೆ ಬಂದಳು. ಕೊಡಿಸಿದೆನು, ಪೆನ್ಸಿಲು ಪುಸ್ತಕ ಹಿಡಿದು ಅವಳ ಪಕ್ಕದಲ್ಲಿ ಕುಳಿತುಕೊಳ್ಳುವ ಕೆಲಸವನ್ನೂ ಒಪ್ಪಿಕೊಂಡೆನು.

ಸದ್ದು ಎಂತಹುದೆಂಬುದಕ್ಕಿಂತ, ಯಾವಾಗ ಬರುವುದೆಂಬುದೇ ಮುಖ್ಯವೆಂದು ಅವಳು ಹೇಳಿದಳು. ವಾಲ್ವಿನ ಸಂದು ಹೆಚ್ಚಾದರೆ ನಿಂತ ಕಾರಿನಲ್ಲಿಯೂ ಟಿಕ್ ಟಿಕ್ ಸದ್ದು ಬರುವುದು. ಬೇರಿಂಗು ಸವೆದಿದ್ದರೆ ಸದ್ದು ಗಡುಸಾಗಿದ್ದು, ಆ ಸಿಲಿಂಡರಿನ ಕಿಡಿಯನ್ನು ತಪ್ಪಿಸಿದೊಡನೆ ಮೆತ್ತಗಾಗುವುದು. ನಿಜವಾದ ಬಡಿತವು ಭಾರ ಬಿದ್ದಾಗ ಹುಟ್ಟಿ, ಆಕ್ಸಿಲರೇಟರಿನಿಂದ ಕಾಲೆತ್ತಿದೊಡನೆ ಮಾಯವಾಗುವುದು. ಕಾಪುವಿನಿಂದ ಉಡುಪಿಯವರೆಗಿನ ಸಮತಟ್ಟಾದ ಹೆದ್ದಾರಿಯಲ್ಲಿ ಇಂಜಿನು ಮೌನವಾಗಿತ್ತು. ಇಂದ್ರಾಳಿ ದಾಟಿ ಮಣಿಪಾಲದ ಏರನ್ನು ನಾಲ್ಕನೆಯ ಗೇರಿನಲ್ಲಿಯೇ ಹತ್ತಿಸಿದಾಗ ಮೊಳೆಗಳು ಕುಲುಕಾಡಿದುವು. ವೇಗ ಬೇಕಾಗಿರಲಿಲ್ಲ, ಭಾರವೊಂದೇ ಸಾಕಾಯಿತು. ಆಗ ಸಾಧಾರಣ ಪೆಟ್ರೋಲಿನ ಆಕ್ಟೇನು 91 ಆಗಿತ್ತು. ತೊಟ್ಟಿಯನ್ನು ಬರಿದುಮಾಡಿ 95ರ ಪೆಟ್ರೋಲು ತುಂಬಿಸಿ ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಿದೆವು. ಸದ್ದು ಅರ್ಧಕ್ಕಿಳಿಯಿತು. “ಬೇರಿಂಗಿಗೆ ಪೆಟ್ರೋಲಿನ ಜಾತಿ ತಿಳಿಯದು, ದೊಡ್ಡಮ್ಮ” ಎಂದಳು. ಮೊದಲನೆಯ ತೀರ್ಪು ಹೀಗೆ ಬಿದ್ದುಹೋಯಿತು.

ಎರಡನೆಯದು ಮಾತ್ರ ಮನಸ್ಸನ್ನು ಸೆಳೆಯುವಂತಿತ್ತು. ಕಿಡಿಯನ್ನು ತಡವಾಗಿ ಹಾರಿಸಿದರೆ ಒತ್ತಡವು ಇಳಿದು ಸದ್ದಡಗುವುದು ನಿಜ. ಅದರೊಡನೆ ಬಲವೂ ಇಳಿಯುವುದು. ಟೈಮಿಂಗ್ ಲೈಟನ್ನು ಹಿಡಿದು ನೋಡಿದರೆ ಗುರುತು ಸರಿಯಾಗಿಯೇ ಇತ್ತು. ಸರಿಯಿದ್ದುದನ್ನು ಕೆಡಿಸಿ ಮೌನವನ್ನು ಕೊಂಡುಕೊಳ್ಳುವುದೇಕೆ? ಲೋಕವು ಇಂತಹ ವ್ಯಾಪಾರವನ್ನು ಒಮ್ಮೆ ಮಾಡಿದೆ. 1921ರಲ್ಲಿ ಅಮೆರಿಕೆಯ ಥಾಮಸ್ ಮಿಜ್ಲಿ ಎಂಬವರು, ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದರೆ ಬಡಿತವು ನಿಲ್ಲುವುದೆಂದು ಕಂಡುಹಿಡಿದರು. ಇಂಜಿನುಗಳು ಸುಮ್ಮನಾದುವು, ಆದರೆ ಆ ಸೀಸವು ಹೊಗೆಯೊಡನೆ ಹೊರಬಿದ್ದು ಮಕ್ಕಳ ರಕ್ತವನ್ನು ಸೇರಿತು. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಅದು ನಿಂತಿತು. ಲೋಕದ ಕಾರುಗಳಿಂದ ಪೂರ್ತಿಯಾಗಿ ತೊಲಗಿದುದು 2021ರಲ್ಲಿ.

ಮೂಲವನ್ನು ತೋರಿಸಿಕೊಟ್ಟುದು ಘಟ್ಟದ ದಾರಿ. ಒಂದು ಬೆಳಗ್ಗೆ ಕಾರ್ಕಳದಿಂದ ಹೆಬ್ರಿಯ ಮೇಲೆ ಹೋಗಿ, 14 ಹಿಮ್ಮುರಿ ತಿರುವುಗಳ ಆಗುಂಬೆ ಘಟ್ಟವನ್ನು ಹತ್ತಿದೆವು. ಬಡಿತ ಕೇಳಿಸಿತು, ಹೊಸ ಸಂಗತಿಯೇನೂ ತಿಳಿಯಲಿಲ್ಲ. ಇಳಿಯುವಾಗ, ಬಹಳ ಹೊತ್ತು ಕಾಲೆತ್ತಿಕೊಂಡೇ ಬಂದು, ಸೋಮೇಶ್ವರದ ಬಳಿ ಮತ್ತೆ ಆಕ್ಸಿಲರೇಟರನ್ನು ಒತ್ತಿದೊಡನೆ ಹಿಂದುಗಡೆ ನೀಲಿ ಹೊಗೆಯೆದ್ದಿತು. ಅವಳ ಮುಖವು ಬೆಳಗಿತು. ಇಳಿಜಾರಿನಲ್ಲಿ ಸಿಲಿಂಡರಿನ ಸೆಳೆತವು ಬಲವಾಗಿ, ವಾಲ್ವಿನ ಕಾಂಡದ ಬದಿಯಿಂದ ಎಣ್ಣೆಯನ್ನು ಹೀರಿಕೊಂಡಿದೆಯೆಂಬುದಕ್ಕೆ ಅದು ಗುರುತು.

ಮನೆಗೆ ಬಂದು, ಇಂಜಿನು ಆರಿದ ಮೇಲೆ, ಪ್ಲಗ್ಗುಗಳನ್ನು ಕಳಚಿ ಸಾಲಾಗಿಟ್ಟಳು. ಮೂರು ತಿಳಿಗಂದು, ಮೂರನೆಯ ಸಿಲಿಂಡರಿನದು ಎಣ್ಣೆಜಿಡ್ಡಿನ ಕಪ್ಪು. ಒತ್ತಡವನ್ನು ಅಳೆದರೆ ಅದೊಂದರಲ್ಲಿಯೇ ಹೆಚ್ಚು. ಟೈಮಿಂಗಿನ ದೋಷವು ನಾಲ್ಕನ್ನೂ ಸಮನಾಗಿ ಕಾಡಬೇಕಾಗಿತ್ತು; ಒಂದೇ ಕೆಟ್ಟಿತೆಂದ ಮೇಲೆ ಕಾರಣವೂ ಅಲ್ಲಿಯೇ ಇರತಕ್ಕುದು. ಹೆಡ್ಡನ್ನು ಇಳಿಸಿದಾಗ, ವಾಲ್ವಿನ ಕಾಂಡಕ್ಕೆ ತೊಡಿಸುವ ಬೆರಳ ತುದಿಯಷ್ಟರ ರಬ್ಬರು ಸೀಲೊಂದು ಹರಿದಿತ್ತು. ಅಲ್ಲಿಂದಿಳಿದ ಎಣ್ಣೆಯು ಪೆಟ್ರೋಲಿನ ತಾಳ್ಮೆಯನ್ನು ಕುಂದಿಸಿ, ಸುಟ್ಟು ಕರಿಯ ಹಕ್ಕಳೆಯಾಗಿ, ಮೊದಲೇ ಇಕ್ಕಟ್ಟಾಗಿದ್ದ ಜಾಗವನ್ನು ಮತ್ತಷ್ಟು ಕಿರಿದುಮಾಡಿತ್ತು. ಹಕ್ಕಳೆಯನ್ನು ಕೆರೆದು, ಎಲ್ಲ ಸೀಲುಗಳನ್ನೂ ಬದಲಿಸಿದಳು. ಟೈಮಿಂಗನ್ನು ಮೊದಲಿದ್ದ ಗುರುತಿಗೇ ನಿಲ್ಲಿಸಿದಳು.

ಆ ಭಾನುವಾರ ಮಣಿಪಾಲದ ಏರಿನಲ್ಲಿ ಅವಳ ಪಕ್ಕ ಕುಳಿತವರು ಅವಳ ತಂದೆ. ನಾಲ್ಕನೆಯ ಗೇರಿನಲ್ಲಿ ತುದಿಯವರೆಗೆ ಹತ್ತಿದರೂ ಸದ್ದಿಲ್ಲ. ಅವರು ಹೊಗಳಲಿಲ್ಲ; “ಆ ಪುಸ್ತಕವನ್ನು ತೋರಿಸು” ಎಂದು ಕೇಳಿ, ಮನೆಗೆ ಬಂದು ಕನ್ನಡಕವನ್ನೇರಿಸಿ ಮೊದಲ ಪುಟದಿಂದ ಓದಿದರು. ಗುಜರಿಯ ಮಾತು ಮತ್ತೆ ಏಳಲಿಲ್ಲ.

ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೇ. ಹತ್ತುವಾಗ ಕೇಳುವ ಸದ್ದಿನ ಕಾರಣವು ಇಳಿಯುವಾಗ ಕಂಡೀತು. ಅಷ್ಟು ಹೊತ್ತು ಕಾಯುವ ವ್ಯವಧಾನ ಬೇಕು. ನಿಮ್ಮ ಮಗಳು ಬಾನೆಟ್ಟನ್ನೆತ್ತಿ ಕಿವಿಗೊಟ್ಟು ನಿಂತಿರುವುದನ್ನು ಕಂಡರೆ, ಒಳಗೆ ಬಾ ಎಂದು ಕರೆಯುವ ಮೊದಲು, ಏನು ಕೇಳಿಸಿತೆಂದು ಅವಳನ್ನು ವಿಚಾರಿಸಿರಿ.