ಅಪ್ಪಯ್ಯನ ಕೋವಿ

ಮಗಳ ಎರಡನೆಯ ಬಾಣಂತನಕ್ಕೆಂದು 2022ರ ಮಾರ್ಚ್ ತಿಂಗಳಲ್ಲಿ ನಾನು ಅಮೆರಿಕೆಗೆ ಹೊರಟಾಗ ಪೆಟ್ಟಿಗೆಯ ತುಂಬ ಲೇಹ್ಯ, ಒಣಶುಂಠಿ, ಕಾಳುಮೆಣಸು, ಕೂಸಿಗೆಂದು ಹಳೆಯ ಸೀರೆಯಲ್ಲಿ ಹೊಲಿದ ಕುಲಾವಿಗಳು ಇದ್ದವು. ಐದು ತಿಂಗಳ ರಜೆಯ ಅರ್ಜಿ ನೋಡಿ ನಮ್ಮ ಹೆಡ್‌ಮಾಸ್ತರರು, "ವಾಪಸು ಬರ್ತೀರಿ ತಾನೇ ಟೀಚರ್?" ಎಂದು ನಕ್ಕಿದ್ದರು. ಅಲ್ಲಿ ಹೋಗಿ ಬಂದೂಕಿನ ವಿಚಾರಕ್ಕೆ ಚಿನ್ನದಂಥ ಅಳಿಯನ ಜೊತೆ ಎರಡು ದಿನ ಮಾತು ಬಿಡುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ.

ಮಗಳ ಮನೆ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಹೊರವಲಯದಲ್ಲಿ. ದೊಡ್ಡ ಮೊಮ್ಮಗಳು ಆಗ ಒಂದನೆಯ ತರಗತಿ. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ, "ಅಮ್ಮಮ್ಮ, ನಿಂಗೊಂದು ಹೊಸ ಆಟ ಹೇಳಿಕೊಡ್ತೀನಿ" ಎಂದಳು. ದೀಪ ಆರಿಸಬೇಕು. ಕಿಟಕಿಗೆ ಕಾಣದ ಹಾಗೆ ಗೋಡೆಗೆ ಒತ್ತಿ ಕೂರಬೇಕು. ಸೀನು ಬಂದರೂ ಸೀನಬಾರದು. ನಾನು ಕಣ್ಣಾಮುಚ್ಚಾಲೆ ಎಂದುಕೊಂಡು ಮಂಡಿನೋವಿನಲ್ಲೂ ಅವಳ ಜೊತೆ ಮೂಲೆಯಲ್ಲಿ ಮುದುರಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಪಿಸುದನಿಯಲ್ಲಿ, "ಹುಡುಕೋಕೆ ಬರೋರು ಯಾರೇ?" ಎಂದೆ. "ಕೆಟ್ಟ ಮನುಷ್ಯ. ಅವನ ಹತ್ರ ಗನ್ ಇರುತ್ತೆ" ಎಂದಳು, ನಾಳೆ ಮಳೆ ಬರುತ್ತದೆ ಎನ್ನುವಷ್ಟೇ ಸಹಜವಾಗಿ.

ಮೂವತ್ತು ವರ್ಷ ಪಾಠ ಮಾಡಿದವಳು ನಾನು. ನಮ್ಮ ಶಾಲೆಯಲ್ಲಿ ಗಂಟೆ ಹೊಡೆದರೆ ಮಕ್ಕಳು ಓಡುತ್ತಾರೆ, ಅಡಗುವುದಿಲ್ಲ. ಆ ಸಂಜೆ ನನಗೆ ಊಟ ಸೇರಲಿಲ್ಲ.

ಇದಾಗಿ ಕೆಲವು ವಾರಕ್ಕೇ, ಮೇ 24ರಂದು, ಅದೇ ರಾಜ್ಯದ ಯುವಾಲ್ಡೆ ಎಂಬ ಪುಟ್ಟ ಊರಿನ ರಾಬ್ ಪ್ರಾಥಮಿಕ ಶಾಲೆಗೆ ಹದಿನೆಂಟು ವರ್ಷದ ಹುಡುಗನೊಬ್ಬ ನುಗ್ಗಿದ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಬೇಸಿಗೆ ರಜೆಗೆ ಎರಡೇ ದಿನ ಬಾಕಿ ಇತ್ತು. ಹದಿನೆಂಟು ತುಂಬಿದ ಬೆನ್ನಿಗೇ ಅವನು ಅಂಗಡಿಗೆ ಹೋಗಿ, ಕಾನೂನು ಪ್ರಕಾರವೇ, ಯುದ್ಧದ ಬಂದೂಕಿನಂಥದ್ದನ್ನು ಕೊಂಡಿದ್ದ. ಪೊಲೀಸರು ಬಂದಿದ್ದರು. ಬಂದು ಒಂದು ಗಂಟೆಗೂ ಹೆಚ್ಚು ಹೊತ್ತು ಹೊರಗೇ ನಿಂತಿದ್ದರು. ಟಿ.ವಿ.ಯಲ್ಲಿ ಆ ಮಕ್ಕಳ ಭಾವಚಿತ್ರಗಳು ಒಂದೊಂದಾಗಿ ಬರುತ್ತಿದ್ದಾಗ ನನಗೆ ಕಾಣಿಸಿದ್ದು ಆ ಇಬ್ಬರು ಶಿಕ್ಷಕಿಯರು. ಅವರ ಮೇಜಿನ ಮೇಲೂ ತಿದ್ದಬೇಕಾದ ಪುಸ್ತಕದ ರಾಶಿ ಇದ್ದಿರಬೇಕು.

ಮರುದಿನ ಮೊಮ್ಮಗಳನ್ನು ಶಾಲೆಗೆ ಕಳಿಸಲು ನಾನು ಬಿಡಲಿಲ್ಲ. ಯುವಾಲ್ಡೆ ಅಲ್ಲಿಂದ ಐನೂರು ಕಿಲೋಮೀಟರಿಗೂ ದೂರ ಎಂದು ಮಗಳು ಎಷ್ಟು ಹೇಳಿದರೂ ಕೇಳಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬಾಕೆ ಇದ್ದರು. ಎಪ್ಪತ್ತು ದಾಟಿದ ವಿಧವೆ, ನಿವೃತ್ತ ನರ್ಸು. ಕೂಸು ಹುಟ್ಟಿದಾಗ ತಮ್ಮ ಕೈಯಾರೆ ಬ್ರೆಡ್ ಮಾಡಿ ತಂದುಕೊಟ್ಟ ಪುಣ್ಯಾತ್ಮೆ. ಆ ದಿನ ಬೇಲಿಯ ಬಳಿ ನಿಂತು ಇಬ್ಬರೂ ಕಣ್ಣೊರೆಸಿಕೊಂಡೆವು. ಆಮೇಲೆ ಆಕೆ, "ಆ ಶಿಕ್ಷಕಿಯರ ಕೈಯಲ್ಲೊಂದು ಪಿಸ್ತೂಲು ಇದ್ದಿದ್ದರೆ!" ಎಂದರು. ನನಗೆ ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗಾಯಿತು. ಟೆಕ್ಸಾಸಿನಲ್ಲಿ ತರಬೇತಿಯಾದ ಕೆಲವು ಶಿಕ್ಷಕರಿಗೆ ಅಂಥ ಅವಕಾಶ ಇದೆಯಂತೆ. ದಿನಕ್ಕೆ ಮೂರು ಸಲ ಕೆಂಪು ಪೆನ್ನು ಎಲ್ಲಿಟ್ಟೆ ಎಂದು ಹುಡುಕುವವಳು ನಾನು. ಅರವತ್ತು ಮಕ್ಕಳ ತರಗತಿಯಲ್ಲಿ ನನ್ನ ಮೇಜಿನ ಖಾನೆಯೊಳಗೆ ಪಿಸ್ತೂಲು ಇರುವುದನ್ನು ನೀವೇ ಊಹಿಸಿಕೊಳ್ಳಿ. ಆಕೆಯ ಮಂಚದ ಪಕ್ಕದ ಖಾನೆಯಲ್ಲಿ ಒಂದು ಇತ್ತು. ಗಂಡ ತೀರಿಕೊಂಡ ಮೇಲೆ ಅದಿಲ್ಲದೆ ನಿದ್ದೆ ಬರುವುದಿಲ್ಲ ಎಂದರು. ಅದೇ ಸುದ್ದಿ ಕೇಳಿ, ಅದೇ ಕಣ್ಣೀರು ಸುರಿಸಿ, ಆಕೆಗೆ ಇನ್ನೊಂದು ಬಂದೂಕು ಬೇಕೆನಿಸಿತು. ನನಗೆ ಇರುವ ಬಂದೂಕನ್ನೆಲ್ಲ ಸಮುದ್ರಕ್ಕೆ ಎಸೆಯಬೇಕೆನಿಸಿತು. ಆಕೆಯದು ಭಯ, ನನ್ನದು ವಿವೇಕ ಎಂದೇ ನಾನು ಆಗ ತಿಳಿದಿದ್ದೆ.

ರಾತ್ರಿ ಊಟದ ಮೇಜಿನಲ್ಲಿ ಅದನ್ನೇ ಹೇಳಿದೆ. ಆಸ್ಟ್ರೇಲಿಯಾದವರು 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ಆರೂವರೆ ಲಕ್ಷದಷ್ಟು ಬಂದೂಕುಗಳನ್ನು ಜನರಿಂದ ಹಣ ಕೊಟ್ಟು ವಾಪಸು ಪಡೆದು ನಾಶ ಮಾಡಲಿಲ್ಲವೇ, ಇವರಿಗೇನು ಧಾಡಿ ಎಂದು ಕೇಳಿದೆ. ಅಳಿಯ ಲೆಕ್ಕದ ಮನುಷ್ಯ. ಮೆಲ್ಲನೆ, "ಅತ್ತೆ, ನಾನೂ ಬಂದೂಕಿನ ಪರ ಅಲ್ಲ. ಆದರೆ ಇದನ್ನೊಂಚೂರು ನೋಡಿ" ಎಂದು ಕಂಪ್ಯೂಟರ್ ತಿರುಗಿಸಿದರು. 2020ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 45,222 ಮಂದಿ. ಅದರಲ್ಲಿ ಕೊಲೆಯಾದವರು 19,384. ತಮ್ಮ ಜೀವ ತಾವೇ ತೆಗೆದುಕೊಂಡವರು 24,292. ಅಂದರೆ ಅರ್ಧಕ್ಕಿಂತ ಹೆಚ್ಚು. ಕೊಲೆಗಳಲ್ಲೂ ಆ ಯುದ್ಧದ ಬಂದೂಕಿನಂಥವುಗಳ ಪಾಲು ತೀರ ಸಣ್ಣದು, ಹೆಚ್ಚಿನವು ಕೈಪಿಸ್ತೂಲಿನವು ಎಂದರು. "ನಾವು ಶಾಲೆಯ ಬಾಗಿಲು ಕಾಯ್ತಿದ್ದೀವಿ ಅತ್ತೆ. ಸಾಯ್ತಿರೋರು ಹೆಚ್ಚಾಗಿ ಮನೆಯೊಳಗೆ."

"ಮಕ್ಕಳ ಹೆಣದ ಮುಂದೆ ಕೂತು ಲೆಕ್ಕ ಹೇಳ್ತೀರಲ್ಲ!" ಎಂದು ಎದ್ದುಬಿಟ್ಟೆ. ಎರಡು ದಿನ ಮಾತಾಡಲಿಲ್ಲ. ಕಾಫಿ ಲೋಟವನ್ನು ಮಾತ್ರ ಸ್ವಲ್ಪ ಸದ್ದಾಗುವಂತೆ ಅವರ ಮುಂದೆ ಇಡುತ್ತಿದ್ದೆ.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಬೇಕು. ದುಃಖದಿಂದ ಒಳ್ಳೆಯದಾಗುವುದೇ ಇಲ್ಲ ಎಂದೇನಿಲ್ಲ. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 1996ರ ಮಾರ್ಚ್‌ನಲ್ಲಿ 16 ಮಕ್ಕಳು ಮತ್ತು ಅವರ ಶಿಕ್ಷಕಿ ಹತರಾದಾಗ ಅಲ್ಲಿನ ಜನ ಏಳು ಲಕ್ಷಕ್ಕೂ ಹೆಚ್ಚು ಸಹಿ ಹಾಕಿಸಿದರು, ಮುಂದಿನ ವರ್ಷವೇ ಅಲ್ಲಿ ಕೈಪಿಸ್ತೂಲು ನಿಷೇಧವಾಯಿತು. ಲೆಕ್ಕ ಮಾತ್ರ ಹಿಡಿದು ಕೂತವರು ಯಾರ ಮನೆಬಾಗಿಲಿಗೂ ಹೋಗುವುದಿಲ್ಲ. ಆದರೆ ಆ ಹೊತ್ತು ನಾನು ಸಹಿ ಹಾಕಿಸಲೂ ಹೊರಟಿರಲಿಲ್ಲ, ಲೆಕ್ಕ ಕೇಳಲೂ ತಯಾರಿರಲಿಲ್ಲ. ಸಿಟ್ಟು ಮಾಡುವುದೇ ಒಂದು ಕೆಲಸವೆಂದು ತಿಳಿದಿದ್ದೆ.

ಜೂನ್ ಕೊನೆಯಲ್ಲಿ ವಿಚಿತ್ರವಾಯಿತು. 23ನೆಯ ತಾರೀಖು ಅಲ್ಲಿನ ಸುಪ್ರೀಂ ಕೋರ್ಟು ನ್ಯೂಯಾರ್ಕಿನ ನೂರು ವರ್ಷಕ್ಕೂ ಹಳೆಯ ಕಟ್ಟುಪಾಡೊಂದನ್ನು ತಳ್ಳಿಹಾಕಿ, ಮನೆಯಾಚೆಗೂ ಪಿಸ್ತೂಲು ಒಯ್ಯುವುದು ಪ್ರಜೆಯ ಹಕ್ಕು ಎಂದಿತು. ಎರಡೇ ದಿನಕ್ಕೆ, 25ರಂದು, ಅಧ್ಯಕ್ಷ ಬೈಡನ್ ಬಂದೂಕಿನ ಮೇಲಿನ ಹೊಸ ಕಾನೂನಿಗೆ ಸಹಿ ಹಾಕಿದರು. ಸುಮಾರು ಮೂವತ್ತು ವರ್ಷದಲ್ಲಿ ಅಂಥದ್ದು ಬಂದಿರಲಿಲ್ಲವಂತೆ. ಹೊತ್ತಿಗೆ ನಾನೂ ಅಳಿಯನೂ ರಾಜಿಯಾಗಿದ್ದೆವು. ಆ ಕಾನೂನಿನಲ್ಲಿ ಏನೇನಿದೆ ಎಂದು ಅವರೇ ವಿವರಿಸಿದರು. ಇಪ್ಪತ್ತೊಂದು ತುಂಬದವರು ಕೊಳ್ಳುವಾಗ ಹಿನ್ನೆಲೆಯ ಹೆಚ್ಚಿನ ತಪಾಸಣೆ. ಇನ್ನೊಂದು, ಮನಸ್ಸು ಕೆಟ್ಟು ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವಂತಿರುವ ಮನುಷ್ಯನ ಕೈಯಿಂದ ಕೋರ್ಟಿನ ಮೂಲಕ ಕೆಲವು ಕಾಲ ಬಂದೂಕು ತೆಗೆದಿಡುವ ಏರ್ಪಾಡು. ಅಂಥ ಏರ್ಪಾಡು ನಡೆಸುವ ರಾಜ್ಯಗಳಿಗೆ ಹಣ. "ಇಷ್ಟೇನಾ?" ಎಂದು ಮೂಗು ಮುರಿದೆ. ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದ ನನಗೆ ಅದು ಕಾಲಿಗೆ ಗಾಯವಾದರೆ ಕೈಗೆ ಮುಲಾಮು ಹಚ್ಚಿದ ಹಾಗೆ ಕಂಡಿತು.

ಆಗಸ್ಟಿನಲ್ಲಿ ಊರಿಗೆ ಬಂದೆ. ದಸರಾ ರಜೆಗೆ ತವರಿಗೆ ಹೋದೆ.

ನನ್ನ ತವರು ತೀರ್ಥಹಳ್ಳಿಯ ಆಚೆ, ಅಡಿಕೆ ತೋಟದ ಮನೆ. ನಮ್ಮ ಕಡೆ ಬಂದೂಕಿಗೆ ಕೋವಿ ಎನ್ನುತ್ತಾರೆ. ಬೆಳೆ ಕಾಯಲು ಲೈಸೆನ್ಸು ಪಡೆದ ಒಂಟಿನಳಿಗೆಯ ಕೋವಿಯೊಂದು ಜಗಲಿಯ ಗೋಡೆಯಲ್ಲಿ, ಎರಡು ಮರದ ಗೂಟದ ಮೇಲೆ, ನನಗೆ ನೆನಪಿರುವ ಕಾಲದಿಂದ ಮಲಗಿತ್ತು. ಅಪ್ಪಯ್ಯ ಅದರಿಂದ ಹೊಡೆದದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು. ಮಂಗಗಳು ಎಳೆ ಅಡಿಕೆ ಕಿತ್ತು ಸುರಿಯುವಾಗ ಆಕಾಶಕ್ಕೊಂದು ಈಡು. ಅಷ್ಟಕ್ಕೆ ಎರಡು ದಿನ ನೆಮ್ಮದಿ. ಭಾನುವಾರ ಅದನ್ನು ಬಿಚ್ಚಿ ಎಣ್ಣೆ ಹಾಕಿ ಒರೆಸುವಾಗ ಹತ್ತಿರ ಕೂತು ಬಟ್ಟೆ ಚೂರು ಕೊಡುವ ಕೆಲಸ ನನ್ನದು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಕೊಟ್ಟು ಬರಬೇಕಿತ್ತು. ಹೆಗಲಿಗೇರಿಸಿ ಹೊರಡುವ ಅಪ್ಪಯ್ಯನ ಮುಖ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗಿರುತ್ತಿತ್ತು. ಬಂದೂಕಿನ ಮೇಲಿನ ಮೋಹ ಅಮೆರಿಕದವರ ಸ್ವತ್ತೇನಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದರು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲೂ ಆಯುಧಪೂಜೆಗೆ ಕತ್ತಿ, ಹಾರೆಗಳ ಜೊತೆ ಕೋವಿಗೂ ಕುಂಕುಮ.

ಅಪ್ಪಯ್ಯ 2021ರ ಕೊರೋನಾ ಅಲೆಯಲ್ಲಿ ಹೋದರು. ಲೈಸೆನ್ಸುದಾರರು ತೀರಿಕೊಂಡಿದ್ದರಿಂದ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಬೇಕಾದರೆ ವಾರಸುದಾರರು ತಮ್ಮ ಹೆಸರಿಗೆ ಹೊಸದಾಗಿ ಅರ್ಜಿ ಹಾಕಬಹುದು ಎಂದು ಠಾಣೆಯಿಂದ ಹೇಳಿಕಳಿಸಿದ್ದರು. ಅಣ್ಣ ಅರ್ಜಿ ಹಾಕುವುದೋ ಬೇಡವೋ ಎಂದು ತೂಗುತ್ತಿದ್ದ. ಅತ್ತಿಗೆ ಮಾತ್ರ, "ಕೊಟ್ಟು ಬನ್ನಿ, ಮತ್ತೆ ತರೋದು ಬೇಡ" ಎಂದು ಒಂದೇ ಪಟ್ಟು.

ಈಗ ಹೇಳಲು ನಾಚಿಕೆಯಾಗುತ್ತದೆ. ನಾಲ್ಕು ತಿಂಗಳ ಹಿಂದೆ ಇಡೀ ದೇಶದ ಬಂದೂಕನ್ನು ಸಮುದ್ರಕ್ಕೆ ಎಸೆದಿದ್ದವಳು ನಾನು. ಜಗಲಿಯಲ್ಲಿ ನಿಂತು ಅತ್ತುಬಿಟ್ಟೆ. ಅಪ್ಪಯ್ಯನ ಕೈಯ ಬೆವರು ಹಿಡಿದ ಮರ ಅದು, ಅದನ್ನು ಠಾಣೆಯ ಮೂಲೆಯಲ್ಲಿ ಗೆದ್ದಲು ತಿನ್ನಲು ಬಿಡುತ್ತೀರಾ ಎಂದೆ. ಹೊರಗಿನಿಂದ ಬಂದವಳಿಗೆ ಈ ಮನೆಯ ವಸ್ತುವಿನ ಬೆಲೆ ಹೇಗೆ ಗೊತ್ತಾಗಬೇಕು ಎಂಬ ಮಾತೂ ಬಾಯಿಂದ ಬಂತು. ಅತ್ತಿಗೆ ಆ ಮನೆಗೆ ಬಂದು ಮೂವತ್ತು ವರ್ಷವಾಗಿತ್ತು. ಅಪ್ಪಯ್ಯನ ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವಳು ಅವಳು.

ಅವಳು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬುತ್ತಿದ್ದವಳು ನನ್ನನ್ನು ಕರೆದಳು. ಬಾಗಿಲು ಮುಂದೆ ಮಾಡಿ, ಬೆಂಕಿಯನ್ನೇ ನೋಡುತ್ತ ಹೇಳಿದಳು.

"ನೀನು ವರ್ಷಕ್ಕೆ ಎರಡು ಸಲ ಬಂದು ಹೋಗೋಳು ಮಾರಾಯ್ತಿ. ಈ ಮನೇಲಿ ರಾತ್ರಿ ಎದ್ದು ನೋಡೋಳು ನಾನು. ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಆರು ತಿಂಗಳಾಯ್ತು. ಉಣ್ಣೋದಿಲ್ಲ, ಮಲಗೋದಿಲ್ಲ. ಮೊನ್ನೆ ಎರಡು ಗಂಟೆ ರಾತ್ರಿ ಜಗಲಿಗೆ ಬಂದು ನೋಡ್ತೀನಿ, ದೀಪ ಹಾಕದೆ ಕೂತಿದಾನೆ. ಎದುರಿಗೆ ಅದು. ಅವತ್ತೇ ಈಡಿನ ಡಬ್ಬಿ ತೆಗೆದು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟೆ. ನಿನ್ನ ಅಣ್ಣಂಗೂ ಹೇಳಿಲ್ಲ. ದಿನಾ ಅಕ್ಕಿ ಅಳೆಯೋವಾಗ ಕೈಗೆ ಸಿಗುತ್ತೆ, ಜೀವ ಝಲ್ ಅನ್ನುತ್ತೆ."

ನನ್ನ ಅಣ್ಣನ ಮಗ. ನಾನೇ ಅಕ್ಷರ ತಿದ್ದಿಸಿದ ಹುಡುಗ. ಬಂದು ಎರಡು ದಿನವಾಗಿತ್ತು, ಅವನು ಸೊರಗಿದ್ದನ್ನು ನೋಡಿ "ಬೆಂಗಳೂರಿನ ಊಟ" ಎಂದು ತಮಾಷೆ ಮಾಡಿದ್ದೆ. ಕೋವಿಯ ಮರದ ಮೇಲಿನ ಬೆವರು ಕಂಡವಳಿಗೆ ಅವನ ಮುಖ ಕಂಡಿರಲಿಲ್ಲ. ಡಲ್ಲಾಸಿನ ಊಟದ ಮೇಜಿನಲ್ಲಿ ಅಳಿಯ ತೋರಿಸಿದ 24,292 ಎಂಬ ಸಂಖ್ಯೆ ಬಚ್ಚಲೊಲೆಯ ಮುಂದೆ ನೆನಪಿಗೆ ಬಂತು. ನಾನು ಮೂಗು ಮುರಿದ ಆ ಏರ್ಪಾಡು, ಕೆಲವು ಕಾಲ ಕೈಗೆಟುಕದಂತೆ ತೆಗೆದಿಡುವುದು, ಯಾವ ಕೋರ್ಟೂ ಇಲ್ಲದೆ ಅತ್ತಿಗೆ ಅಕ್ಕಿ ಡ್ರಮ್ಮಿನಲ್ಲಿ ಮಾಡಿಟ್ಟಿದ್ದಳು.

ಪಕ್ಕದ ಮನೆಯ ಆ ನರ್ಸಮ್ಮ ಒಮ್ಮೆ ಹೇಳಿದ್ದರು: ವಿಷ ಕುಡಿದವರನ್ನು, ಮಾತ್ರೆ ನುಂಗಿದವರನ್ನು ಎಷ್ಟೋ ಮಂದಿಯನ್ನು ನಾವು ಉಳಿಸಿ ಮನೆಗೆ ಕಳಿಸಿದ್ದೇವೆ, ಗುಂಡಿನ ವಿಚಾರದಲ್ಲಿ ಹತ್ತರಲ್ಲಿ ಒಬ್ಬರು ಉಳಿದರೆ ಹೆಚ್ಚು, ಉಳಿದವರಲ್ಲಿ ಬಹಳ ಮಂದಿ ಆ ಒಂದು ಗಳಿಗೆ ದಾಟಿದ ಮೇಲೆ ಮತ್ತೆ ಅತ್ತ ಹೋಗುವುದಿಲ್ಲ ಎಂದು. ಇಷ್ಟೆಲ್ಲ ಗೊತ್ತಿದ್ದೂ ಆಕೆ ಮಂಚದ ಪಕ್ಕ ಅದನ್ನಿಟ್ಟುಕೊಂಡೇ ಮಲಗುತ್ತಿದ್ದರು. ಆಗ ನನಗೆ ಆಕೆ ಮೂರ್ಖಳೆನಿಸಿದ್ದು.

ಅಂದೇ ಅಣ್ಣನಿಗೆ ಎಲ್ಲ ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅಣ್ಣನೂ ನಾನೂ ಹೊರಟೆವು. ಗೋಣಿತಾಟಿನಲ್ಲಿ ಸುತ್ತಿದ ಕೋವಿ ನಮ್ಮಿಬ್ಬರ ಕಾಲಿನ ನಡುವೆ. ಠಾಣೆಯಲ್ಲಿ ದಪ್ಪ ಪುಸ್ತಕದಲ್ಲಿ ನಂಬರು ಬರೆದುಕೊಂಡವನು ನನ್ನ ಹಳೆಯ ವಿದ್ಯಾರ್ಥಿಯೇ, "ಮುಂದೆ ಅರ್ಜಿ ಹಾಕ್ತೀರಾ ಟೀಚರ್?" ಎಂದ. "ಇಲ್ಲಪ್ಪ" ಎಂದು ಅಣ್ಣನೇ ಹೇಳಿದ. ಈಡಿನ ಡಬ್ಬಿಯನ್ನೂ ಕೊಟ್ಟೆವು. ಮುಚ್ಚಳದ ಸಂದಿಯಲ್ಲಿ ಎರಡು ಅಕ್ಕಿಕಾಳು ಸಿಕ್ಕಿಕೊಂಡಿದ್ದವು.

ಆ ವಾರವೇ ಹುಡುಗನನ್ನು ಶಿವಮೊಗ್ಗದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಬರಲು ಒಪ್ಪುವುದಿಲ್ಲವೇನೋ ಎಂದು ನಾವು ಹೆದರಿದ್ದೆವು. ಅವನು ಚಪ್ಪಲಿ ಮೆಟ್ಟಿ ನಮಗಿಂತ ಮೊದಲೇ ಅಂಗಳದಲ್ಲಿ ನಿಂತಿದ್ದ. ಒಂದು ವರ್ಷ ಮಾತ್ರೆ ನುಂಗಿದ. ಈಗ ತೋಟದ ಲೆಕ್ಕಪತ್ರವೆಲ್ಲ ಅವನದೇ. ಸೊಸೈಟಿಗೆ ಅಡಿಕೆ ಒಯ್ದಾಗ ದರದ ಬಗ್ಗೆ ನನಗೆ ಫೋನು ಮಾಡಿ ಗೊಣಗುತ್ತಾನೆ.

ಮಂಗನ ಕಾಟ ವಿಪರೀತವಾಗಿದೆ. ಪಟಾಕಿ ಹೊಡೆದರೆ ಅವು ಕೂತಲ್ಲೇ ತಿರುಗಿ ನೋಡುತ್ತವೆ. "ಅಪ್ಪಯ್ಯ ಇದ್ದಿದ್ದರೆ" ಎಂದು ಅಣ್ಣ ವರ್ಷಕ್ಕೆ ಎಷ್ಟು ಕ್ವಿಂಟಲ್ ಹೋಯಿತೆಂದು ಲೆಕ್ಕ ಹೇಳುತ್ತಾನೆ. ಅವನು ಹೇಳುವುದರಲ್ಲಿ ಸುಳ್ಳಿಲ್ಲ, ನಾನು ಸುಮ್ಮನೆ ಕೇಳುತ್ತೇನೆ. ಜಗಲಿಯ ಆ ಎರಡು ಗೂಟಗಳನ್ನು ಯಾರೂ ಕಿತ್ತಿಲ್ಲ. ಮಳೆಗಾಲದಲ್ಲಿ ಅತ್ತಿಗೆ ಒಂದಕ್ಕೆ ಕೊಡೆ, ಇನ್ನೊಂದಕ್ಕೆ ಹುಡುಗನ ರೈನ್‌ಕೋಟು ತಗುಲಿಸುತ್ತಾಳೆ.