ತಾಯ್ನಾಡಿನ ದಾರಿಯಲ್ಲಿ

ಹಲವು ವರ್ಷಗಳ ಪರದೇಶವಾಸ ಮುಗಿಸಿ, ವೃದ್ಧ ಮಾತೃಶ್ರೀಯವರ ಸೇವೆಗೆಂದು ಸಕುಟುಂಬರಾಗಿ ಮರಳಿದ ನಾವು ಯಾದಗಿರಿಯಲ್ಲಿ ರೈಲಿನಿಂದಿಳಿದು, ಭೀಮೆಯನ್ನು ದಾಟಿ ಸುರಪುರದತ್ತ ಹೊರಟೆವು. ಶಹಾಪುರದ ಮಲಗಿದ ಬುದ್ಧನ ಬೆಟ್ಟ ಅಂದಿನಂತೆಯೇ ಇತ್ತು. ಆದರೆ ಬಾಲ್ಯದಲ್ಲಿ ಕಂಡ ಜೋಳದ ಹೊಲಗಳು ಎಷ್ಟೋ ಕಡೆ ಭತ್ತದ ಗದ್ದೆಗಳಾಗಿದ್ದವು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಕಾಲುವೆಗಳಲ್ಲಿ ಹರಿದು ಬಂದ ಫಲವಿದು. ನಾವರಿತದ್ದು ಮಳೆಯನ್ನೇ ನಂಬಿದ ಒಕ್ಕಲುತನ. ನೀರಾವರಿಯ ಬೇಸಾಯವನ್ನು ಊರಿನಲ್ಲೇ ಉಳಿದು ದುಡಿದ ಅಣ್ಣತಮ್ಮಂದಿರಿಂದ ಕಲಿಯುತ್ತಿದ್ದೇವೆ. ಮಕ್ಕಳು ಅಜ್ಜಿಯ ಬಳಿ ಕುಳಿತು ಮನೆಮಾತನ್ನು ತಿದ್ದಿಕೊಳ್ಳುತ್ತಿದ್ದಾರೆ. ಮರಳಬಯಸುವ ಬಂಧುಗಳೇ, ಬಿಟ್ಟುಹೋದ ಊರು ಬಿಟ್ಟಂತೆಯೇ ಇರುವುದಿಲ್ಲ. ಹೊಸಬರಂತೆ ಕಲಿಯುವ ವಿನಯವಿದ್ದರೆ ಅದು ನಮ್ಮನ್ನು ಪುನಃ ತನ್ನವರೆಂದು ಅಪ್ಪಿಕೊಳ್ಳುತ್ತದೆ.