ಕುಲಾವಿ ಹಾಕಿದ ಮೊದಲ ಮಗು

ವೈಜ್ಞಾನಿಕ ಕಥೆ ಕಾದಂಬರಿಗಳ ಮೊದಲ ಆವೃತ್ತಿ ಸಂಗ್ರಹಿಸುವವರು ಬಾಯಲ್ಲಿ ‘ಆವೃತ್ತಿ’ ಎನ್ನುತ್ತಾರೆ, ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಮುದ್ರಣವನ್ನು. ಮೊದಲ ಸಲ ಯಂತ್ರಕ್ಕೆ ಹಾಕಿದಾಗ ಹೊರಬಂದ ಪ್ರತಿ ಮಾತ್ರ ಅವರಿಗೆ ಬೇಕು. ಅದೇ ಅಚ್ಚನ್ನು ಮೂರು ತಿಂಗಳ ಬಳಿಕ ಮತ್ತೆ ಏರಿಸಿದರೆ, ಒಂದು ಅಲ್ಪವಿರಾಮ ಅತ್ತಿತ್ತ ಆಗದಿದ್ದರೂ, ಆ ಪ್ರತಿ ಬರೀ ಓದುವುದಕ್ಕೆ ಲಾಯಕ್ಕು. ಕನ್ನಡ ಪುಸ್ತಕ ಹಿಡಿದು ಬೆಳೆದವರಿಗೆ ಇದರಲ್ಲಿ ತೊಡಕು ಕಾಣುವುದಿಲ್ಲ. ಶೀರ್ಷಿಕೆಯ ಪುಟ ಮಗುಚಿದರೆ ಮೊದಲ ಮುದ್ರಣ ಇಂಥ ವರ್ಷ, ಎರಡನೆಯದು ಇಂಥ ವರ್ಷ, ಪ್ರತಿಗಳು ಇಷ್ಟು, ಬಳಸಿದ ಕಾಗದ ಇಂಥದ್ದು ಎಂದು ಜಾತಕವೇ ಬರೆದಿರುತ್ತದೆ.

ಅಮೆರಿಕದ ಪ್ರಕಾಶಕರಿಗೆ ಈ ಸರಳತೆ ಒಗ್ಗಲಿಲ್ಲ. ಒಂದೊಂದು ಮನೆಗೆ ಒಂದೊಂದು ಮಡಿ. ಡಬಲ್‌ಡೇ ಸಂಸ್ಥೆ ಮೊದಲ ಮುದ್ರಣದಲ್ಲಿ ‘ಫಸ್ಟ್ ಎಡಿಷನ್’ ಎಂದು ಹಾಕಿ, ಮರುಮುದ್ರಣದಲ್ಲಿ ಆ ಸಾಲನ್ನು ಸದ್ದಿಲ್ಲದೆ ತೆಗೆಯುತ್ತಿತ್ತು. ಬೇರೆ ಹಲವರು ಒಂದರಿಂದ ಹತ್ತರವರೆಗಿನ ಅಂಕೆಗಳನ್ನು ಸಾಲಾಗಿ ಅಚ್ಚುಹಾಕಿ, ಮುದ್ರಣಕ್ಕೊಂದರಂತೆ ಅಳಿಸುತ್ತ ಹೋಗುವ ಪದ್ಧತಿ ಹಿಡಿದರು. ಉಳಿದಿರುವ ಅತಿ ಚಿಕ್ಕ ಅಂಕೆಯೇ ಮುದ್ರಣದ ಸಂಖ್ಯೆ. ಇಷ್ಟು ಕಲಿತು ಬೀಗುವ ಹೊತ್ತಿಗೆ ರ‍್ಯಾಂಡಮ್ ಹೌಸ್ ಎದುರಾಗುತ್ತದೆ. ಅಲ್ಲಿ ದಶಕಗಳ ಕಾಲ ಮೊದಲ ಮುದ್ರಣದ ಅಂಕೆಸಾಲು ಎರಡರಿಂದ ಶುರುವಾಗುತ್ತಿತ್ತು, ಒಂದರ ಕೆಲಸವನ್ನು ‘ಫಸ್ಟ್ ಎಡಿಷನ್’ ಎಂಬ ಮಾತು ಮಾಡುತ್ತಿತ್ತು. ಏಸ್ ಪ್ರಕಾಶನದ ಹಳೆಯ ಪೇಪರ್‌ಬ್ಯಾಕುಗಳಲ್ಲಿ ಕಾಪಿರೈಟ್ ವರ್ಷ ಬಿಟ್ಟರೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಪುಸ್ತಕದ ಕ್ರಮಸಂಖ್ಯೆ, ಮುಖದ ಮೇಲಿನ ಬೆಲೆ ಎರಡನ್ನೂ ಕೂಡಿಸಿ ಊಹಿಸಬೇಕು. ಈ ಕಾಡಿನಲ್ಲಿ ದಾರಿ ತೋರಲೆಂದು ಎಲ್. ಡಬ್ಲ್ಯು. ಕರಿ ಎಂಬ ಪುಸ್ತಕ ವ್ಯಾಪಾರಿ 1979ರಲ್ಲಿ ಒಂದು ದಪ್ಪ ಸೂಚಿಯನ್ನು ಪ್ರಕಟಿಸಿದರು. ಸಂಗ್ರಾಹಕರ ಮನೆಯಲ್ಲಿ ಅದಕ್ಕೆ ಪಂಚಾಂಗದ ಸ್ಥಾನ.

ಸಂಗ್ರಹದ ಪಟ್ಟಿ ಸಾಮಾನ್ಯವಾಗಿ ಮೇರಿ ಶೆಲ್ಲಿಯಿಂದ ಆರಂಭವಾಗುತ್ತದೆ. ‘ಫ್ರಾಂಕನ್‌ಸ್ಟೈನ್’ 1818ರ ಜನವರಿ 1ರಂದು ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ, ಲೇಖಕಿಯ ಹೆಸರಿಲ್ಲದೆ, 500 ಪ್ರತಿ ಅಚ್ಚಾಯಿತು. ಅದರ ಒಂದು ಪ್ರತಿ 2021ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಹನ್ನೊಂದು ಲಕ್ಷ ಡಾಲರಿಗೂ ಹೆಚ್ಚಿಗೆ ಹೋದ ಮೇಲೆ ಸಾಮಾನ್ಯ ಸಂಗ್ರಾಹಕರು ಆ ಸಾಲನ್ನು ಪಟ್ಟಿಯಲ್ಲಿ ಬರೆದು ಮುಂದಿನದಕ್ಕೆ ಹೋಗುತ್ತಾರೆ. ಮುಂದಿನದು ಎಚ್. ಜಿ. ವೆಲ್ಸ್. ‘ದಿ ಟೈಮ್ ಮಷೀನ್’ ಲಂಡನ್ನಿನ ಹೈನೆಮನ್ ಸಂಸ್ಥೆಯಿಂದ 1895ರ ಮೇ ತಿಂಗಳಲ್ಲಿ ಬಂತು. ಆದರೆ ಅದಕ್ಕೆ ಕೆಲವು ವಾರ ಮೊದಲೇ ನ್ಯೂಯಾರ್ಕಿನ ಹೆನ್ರಿ ಹೋಲ್ಟ್ ಸಂಸ್ಥೆ ಅದನ್ನು ಹೊರತಂದಿತ್ತು. ಅದರ ಮೊದಲ ಪ್ರತಿಗಳ ಶೀರ್ಷಿಕೆ ಪುಟದಲ್ಲಿ ಲೇಖಕರು ‘ಎಚ್. ಎಸ್. ವೆಲ್ಸ್’ ಆಗಿದ್ದಾರೆ. ಲೇಖಕರ ಹೆಸರೇ ತಪ್ಪಿರುವ ಪುಸ್ತಕ ಮೊದಲನೆಯದು ಹೇಗಾದೀತು ಎಂದು ಲಂಡನ್ ಪಕ್ಷದವರ ವಾದ. ಲೇಖಕ ಯಾವ ದೇಶದವನೋ ಆ ದೇಶದ ಆವೃತ್ತಿಯೇ ಹಿರಿಯದು ಎಂಬ ಒಂದು ಸೂತ್ರವನ್ನೂ ಅವರು ಹಿಡಿದಿದ್ದಾರೆ. ಪಂಚಾಂಗದಲ್ಲಿ ಏನಿದ್ದರೂ ತಮ್ಮೂರ ಹಬ್ಬವೇ ಮೊದಲು ಅನ್ನುವ ಲೆಕ್ಕ ಇದು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ದೊಡ್ಡ ಪ್ರಕಾಶಕರು ಈ ಸಾಹಿತ್ಯವನ್ನು ಹತ್ತಿರ ಸೇರಿಸದಿದ್ದಾಗ ಅಭಿಮಾನಿಗಳೇ ಪ್ರಕಾಶಕರಾದರು. ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ ತಮ್ಮ ಮಿತ್ರ ಲವ್‌ಕ್ರಾಫ್ಟನ ಕಥೆಗಳನ್ನು ಉಳಿಸಲೆಂದು ವಿಸ್ಕಾನ್ಸಿನ್ ರಾಜ್ಯದ ಸಾಕ್ ಸಿಟಿಯಲ್ಲಿ ಆರ್ಕಮ್ ಹೌಸ್ ಕಟ್ಟಿ 1939ರಲ್ಲಿ 1,268 ಪ್ರತಿ ಅಚ್ಚುಹಾಕಿದರು. ಅವು ಮಾರಿ ಮುಗಿಯಲು ವರ್ಷಗಳೇ ಹಿಡಿದವು. 1948ರಲ್ಲಿ ಹುಟ್ಟಿದ ನೋಮ್ ಪ್ರೆಸ್ ಅಸಿಮೊವ್‌ರ ‘ಐ, ರೋಬಾಟ್’ (1950), ‘ಫೌಂಡೇಷನ್’ (1951) ಪ್ರಕಟಿಸಿತು, ಆದರೆ ಲೇಖಕರಿಗೆ ಗೌರವಧನ ಕೊಡುವ ವಿಷಯದಲ್ಲಿ ಅಪಾರ ಸಂಯಮ ತೋರಿತು. ಫಾರಂಗಳನ್ನೆಲ್ಲ ಒಟ್ಟಿಗೆ ಅಚ್ಚುಹಾಕಿ, ಕಾಸು ಕೂಡಿದಂತೆ ಸ್ವಲ್ಪ ಸ್ವಲ್ಪವೇ ಬೈಂಡ್ ಮಾಡಿಸುವುದು ಅಲ್ಲಿನ ರೂಢಿ. ಹಾಗಾಗಿ ಒಂದೇ ಮುದ್ರಣದ ಪುಸ್ತಕಕ್ಕೆ ನಾಲ್ಕಾರು ಬಗೆಯ ಬಟ್ಟೆ, ರಟ್ಟು, ಬಣ್ಣ. ಇವುಗಳಲ್ಲಿ ಯಾವುದು ಹಿರಿಯ ಬೈಂಡು ಎಂಬುದರ ಮೇಲೆ ನಡೆಯುವ ಜಗಳ ದಾಯಾದಿಗಳ ಆಸ್ತಿ ವ್ಯಾಜ್ಯಕ್ಕಿಂತ ಏನೂ ಕಡಿಮೆಯಲ್ಲ. ಬೈಂಡರ್ ಅಂದು ಗೋದಾಮಿನಲ್ಲಿ ಕೈಗೆ ಸಿಕ್ಕ ಬಟ್ಟೆ ಬಳಸಿದ ಎಂಬ ಸಾಧ್ಯತೆಯನ್ನು ಯಾವ ಪಕ್ಷವೂ ಒಪ್ಪುವುದಿಲ್ಲ.

ಮೊದಲ ಮುದ್ರಣದ ಪರಮ ವೈರಿ ಬುಕ್ ಕ್ಲಬ್ ಪ್ರತಿ. 1953ರಲ್ಲಿ ಡಬಲ್‌ಡೇ ಆರಂಭಿಸಿದ ಸೈನ್ಸ್ ಫಿಕ್ಷನ್ ಬುಕ್ ಕ್ಲಬ್, ಸದಸ್ಯರಿಗೆ ಅಂಚೆಯಲ್ಲಿ ಅಗ್ಗದ ಬೆಲೆಗೆ ರಟ್ಟಿನ ಪುಸ್ತಕ ಕಳಿಸುತ್ತಿತ್ತು. ಹೊದಿಕೆಯ ಚಿತ್ರ ಅದೇ, ಒಳಗಿನ ಕಥೆ ಅದೇ. ಕಾಗದ ಮಾತ್ರ ತೆಳು, ರಟ್ಟು ಹಗುರ. ಹಲವು ಸಲ ‘ಫಸ್ಟ್ ಎಡಿಷನ್’ ಎಂಬ ಸಾಲು ಕೂಡ ಅಳಿಸದೆ ಹಾಗೇ ಉಳಿದುಬಿಟ್ಟಿರುತ್ತದೆ. ಇಲ್ಲಿ ಕೈಹಿಡಿಯುವುದು ಒಳಅಂಚಿನ ಗುರುತು. ಅನುಭವಸ್ಥ ಸಂಗ್ರಾಹಕ ಪುಸ್ತಕವನ್ನು ಉರ್ದು ಗ್ರಂಥ ತೆರೆದಂತೆ ಹಿಂದಿನಿಂದ ತೆರೆಯುತ್ತಾನೆ. ಕೊನೆಯ ಕೆಲವು ಪುಟಗಳನ್ನು ಒಂದೊಂದಾಗಿ ಅಗಲಿಸಿ, ಹೊಲಿಗೆಯ ಪಕ್ಕದ ಸಂದಿಯಲ್ಲಿ ಕಣ್ಣಿಡುತ್ತಾನೆ. ಅಲ್ಲಿ ಇರುವೆಯ ಗಾತ್ರದ ಒಂದು ಅಕ್ಷರ ಮತ್ತು ಅಂಕೆ ಕೂತಿರುತ್ತದೆ. ಅಕ್ಷರ ಮುದ್ರಣದ ವರ್ಷ, ಅಂಕೆ ಆ ವರ್ಷದ ವಾರ. ಡಬಲ್‌ಡೇ 1950ರ ದಶಕದ ಕೊನೆಯಿಂದ ಸುಮಾರು ಮೂರು ದಶಕ ತನ್ನ ಲೆಕ್ಕಕ್ಕಾಗಿ ಹಾಕಿಕೊಂಡ ಗುರುತು ಇದು. ಡಬಲ್‌ಡೇಯದೇ ಪುಸ್ತಕವಾದರೆ ಗುರುತಿದ್ದ ಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ, ಅಂಗಡಿಯ ಪ್ರತಿಯಲ್ಲೂ ಅದು ಇರುತ್ತದೆ. ಆಗ ವಾರವನ್ನು ಪ್ರಕಟಣೆಯ ದಿನಾಂಕದೊಡನೆ ತಾಳೆ ನೋಡಬೇಕು. ಬೇರೆ ಪ್ರಕಾಶಕರ ಹೆಸರಿರುವ ಪುಸ್ತಕದ ಸಂದಿಯಲ್ಲಿ ಇದೇ ಗುರುತು ಸಿಕ್ಕರೆ ಅದು ಕ್ಲಬ್ಬಿಗಾಗಿ ಅಚ್ಚಾದದ್ದು, ಪ್ರಕರಣ ಅಲ್ಲಿಗೆ ಮುಗಿಯಿತು. ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಸಂದಿ ಇಣುಕುವವನನ್ನು ಕಂಡು ಅಂಗಡಿಯವರು ಕಾಗದದ ವಾಸನೆ ನೋಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಹಾಗೇ ಅಂದುಕೊಳ್ಳಲಿ, ಚೌಕಾಸಿಗೆ ಅನುಕೂಲ.

ಇನ್ನು ಹೊದಿಕೆಯ ಮಡಿಕೆ. ಮುಂದಿನ ಮಡಿಕೆಯ ಮೇಲಿನ ಮೂಲೆಯಲ್ಲಿ ಸಾಮಾನ್ಯವಾಗಿ ಬೆಲೆ ಇರುತ್ತದೆ. ಕ್ಲಬ್ಬಿನ ಪ್ರತಿಯಲ್ಲಿ ಬೆಲೆ ಇರುವುದಿಲ್ಲ, ಕೆಳಗಿನ ಮೂಲೆಯಲ್ಲಿ ‘ಬುಕ್ ಕ್ಲಬ್ ಎಡಿಷನ್’ ಎಂದಿರುತ್ತದೆ. ಉಡುಗೊರೆ ಕೊಡುವವರು ಬೆಲೆ ಕಾಣಬಾರದೆಂದು ಮೇಲಿನ ಮೂಲೆ ಕತ್ತರಿಸುವುದು ಹಳೆಯ ಸಭ್ಯತೆ. ಈ ಸಭ್ಯತೆಯ ಮರೆಯಲ್ಲಿ ವಂಚಕರು ಒಂದು ಸಣ್ಣ ಉದ್ಯಮವನ್ನೇ ಕಟ್ಟಿಕೊಂಡಿದ್ದಾರೆ. ಕ್ಲಬ್ಬಿನ ಪ್ರತಿಯ ಎರಡೂ ಮೂಲೆ ಕತ್ತರಿಸಿ, ‘ಬೆಲೆ ಕತ್ತರಿಸಲಾಗಿದೆ, ಪ್ರಾಯಶಃ ಮೊದಲ ಮುದ್ರಣ’ ಎಂದು ಪಟ್ಟಿಯಲ್ಲಿ ಬರೆದರಾಯಿತು. ಮೇಲಿನ ಮೂಲೆಗೆ ಸಭ್ಯತೆಯ ನೆಪವಿದೆ. ಕೆಳಗಿನ ಮೂಲೆಗೆ ಕಳ್ಳತನವಲ್ಲದೆ ಇನ್ನೇನು ಕಾರಣ? ಆ ‘ಪ್ರಾಯಶಃ’ ಎಂಬ ಪದಕ್ಕೆ ತೆರಿಗೆ ಹಾಕಬೇಕು. ಫ್ರಾಂಕ್ ಹರ್ಬರ್ಟರ ‘ಡ್ಯೂನ್’ ಈ ಕತ್ತರಿಗೆ ಸಿಕ್ಕಿ ನಲುಗಿದ ಪುಸ್ತಕ. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡವೆಂದ ಮೇಲೆ, ಕಾರು ರಿಪೇರಿ ಕೈಪಿಡಿಗಳಿಗೆ ಹೆಸರಾದ ಫಿಲಡೆಲ್ಫಿಯಾದ ಚಿಲ್ಟನ್ ಸಂಸ್ಥೆ 1965ರಲ್ಲಿ ಅದನ್ನು ತಂದಿತು. ಬೆಲೆ 5.95 ಡಾಲರ್. ಆ ಅಂಕೆ ಮೂಲೆಯಲ್ಲಿ ಉಳಿದಿದ್ದರೆ ಒಂದು ಕಥೆ, ಇಲ್ಲದಿದ್ದರೆ ಬೇರೆಯದೇ ಕಥೆ.

ಮೋಸಗಾರರ ಮೇಲಿನ ಸಿಟ್ಟು ಹೇಗೂ ಆರುತ್ತದೆ. ಆರದಿರುವುದು ಪ್ರಾಮಾಣಿಕ ಸಂಗ್ರಾಹಕರ ರಟ್ಟಿನ ಮೋಹ ಹುಟ್ಟಿಸುವ ಸಿಟ್ಟು. ವಿಲಿಯಂ ಗಿಬ್ಸನ್ನರ ‘ನ್ಯೂರೋಮ್ಯಾನ್ಸರ್’ 1984ರ ಜುಲೈಯಲ್ಲಿ ಏಸ್ ಪೇಪರ್‌ಬ್ಯಾಕ್ ಆಗಿ 2.95 ಡಾಲರಿಗೆ ಬಂತು. ಅದು ಹ್ಯೂಗೊ, ನೆಬ್ಯುಲಾಗಳ ಜೊತೆಗೆ ಫಿಲಿಪ್ ಕೆ. ಡಿಕ್ ಪ್ರಶಸ್ತಿಯನ್ನೂ ಪಡೆಯಿತು. ಈ ಮೂರನೆಯದನ್ನು ಕೊಡುವುದೇ ಅಮೆರಿಕದಲ್ಲಿ ಪೇಪರ್‌ಬ್ಯಾಕಾಗಿ ಮೊದಲು ಹುಟ್ಟಿದ ಪುಸ್ತಕಕ್ಕೆ. ಉರ್ಸುಲಾ ಲೆ ಗ್ವಿನ್ನರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕೂಡ 1969ರಲ್ಲಿ ಮೊದಲು ಏಸ್ ಪೇಪರ್‌ಬ್ಯಾಕ್, ಆಮೇಲೆ ವಾಕರ್ ಸಂಸ್ಥೆಯ ರಟ್ಟಿನ ಪುಸ್ತಕ. ಇಷ್ಟಿದ್ದರೂ ಕಪಾಟಿನ ಗಾಜಿನ ಹಿಂದೆ ಕೂರುವುದು ವಾಕರ್, ಗಿಬ್ಸನ್ನರಿಗಾದರೆ ಲಂಡನ್ನಿನ ಗೊಲಾಂಜ್, 1986ರ ಫ್ಯಾಂಟೇಸಿಯಾ ಪ್ರೆಸ್‌ಗಳ ರಟ್ಟಿನ ಪ್ರತಿಗಳು, ‘ಮೊದಲ ರಟ್ಟಿನ ಆವೃತ್ತಿ’ ಎಂಬ ಬಿರುದು ಹೊತ್ತು. ಈ ತರ್ಕದಲ್ಲಿ ಮೂರನೆಯ ಮಗುವನ್ನು ‘ಕುಲಾವಿ ಹಾಕಿದ ಮೊದಲ ಮಗು’ ಎಂದು ಕರೆದು ಚೊಚ್ಚಲಿನ ಪಾಲನ್ನೆಲ್ಲ ಅದಕ್ಕೇ ಬರೆದುಕೊಡಬಹುದು. ಮೊದಲು ಅನ್ನುವುದು ಕಾಲದ ಮಾತು, ಉಡುಪಿನದಲ್ಲ. ರಟ್ಟೇ ಬೇಕಿದ್ದವರು ‘ಚೆನ್ನಾಗಿರುವ ರಟ್ಟಿನ ಪುಸ್ತಕಗಳ ಸಂಗ್ರಹ’ ಎಂದು ಹೇಳಿಕೊಳ್ಳಲಿ, ಯಾರ ಆಕ್ಷೇಪವೂ ಇಲ್ಲ.

ಅಪರೂಪವೆಂಬ ಲೆಕ್ಕಕ್ಕೆ ಬಂದರೂ ಪೇಪರ್‌ಬ್ಯಾಕೇ ಗೆಲ್ಲಬೇಕು. ಔಷಧಿ ಅಂಗಡಿ, ಬಸ್ ನಿಲ್ದಾಣಗಳಲ್ಲಿ ತಂತಿಯ ಸ್ಟ್ಯಾಂಡಿಗೆ ಸಿಕ್ಕಿಸಿ ಮಾರುತ್ತಿದ್ದ ಪುಸ್ತಕ ಅದು. ಮಾರಾಟವಾಗದಿದ್ದರೆ ಅಂಗಡಿಯವರು ಮುಖಪುಟವನ್ನಷ್ಟೇ ಹರಿದು ಪ್ರಕಾಶಕರಿಗೆ ವಾಪಸು ಕಳಿಸುತ್ತಿದ್ದರು, ಉಳಿದದ್ದು ರದ್ದಿಗೆ. ರದ್ದಿ ತಪ್ಪಿಸಿಕೊಂಡದ್ದನ್ನು ಕಾಗದದೊಳಗಿನ ಆಮ್ಲ ತಿನ್ನುತ್ತದೆ. ಅಗ್ಗದ ಮರದ ತಿರುಳಿನಲ್ಲಿ ಲಿಗ್ನಿನ್ ಹಾಗೇ ಉಳಿದಿರುತ್ತದೆ, ಬೆಳಕು ತಾಗಿದರೆ ಹಾಳೆ ಕಂದುತ್ತದೆ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಎರಡು ಕಾದಂಬರಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ತಲೆಕೆಳಗಾಗಿಸಿ ಅಂಟಿಸಿದ ಏಸ್ ಡಬಲ್‌ಗಳಿಗೆ ಹಿಂಬದಿ ಎಂಬುದೇ ಇಲ್ಲದ ಕಾರಣ ಎರಡೂ ಕಡೆ ಸವೆತ. ಫಿಲಿಪ್ ಡಿಕ್‌ರ ಮೊದಲ ಕಾದಂಬರಿ ‘ಸೋಲಾರ್ ಲಾಟರಿ’ 1955ರಲ್ಲಿ ಹೀಗೆ ಲೀ ಬ್ರಾಕೆಟ್ಟರ ಕಾದಂಬರಿಯೊಂದಿಗೆ ಬೆನ್ನುಹಂಚಿಕೊಂಡೇ ಹೊರಬಂತು.

ರಟ್ಟು, ಪೇಪರ್‌ಬ್ಯಾಕುಗಳ ಈ ಜಗಳದಲ್ಲಿ ಸ್ವಲ್ಪ ವಿವೇಕ ತೋರಿದ್ದು ಬ್ಯಾಲಂಟೈನ್ ಸಂಸ್ಥೆ. ಕನ್ನಡ ಪ್ರಕಾಶಕರು ಸಾದಾ ಪ್ರತಿ, ಕ್ಯಾಲಿಕೊ ಪ್ರತಿ ಎಂದು ಎರಡು ಬೆಲೆ ಹಾಕುವಂತೆ ಅದು ಪೇಪರ್‌ಬ್ಯಾಕ್ ಮತ್ತು ರಟ್ಟಿನ ಪ್ರತಿಗಳನ್ನು ಜೊತೆಜೊತೆಗೇ ತರುತ್ತಿತ್ತು. ಕ್ಲಾರ್ಕ್‌ರ ‘ಚೈಲ್ಡ್‌ಹುಡ್ಸ್ ಎಂಡ್’, ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ಎರಡೂ 1953ರಲ್ಲಿ ಹೀಗೆ ಬಂದವು. ಪುಸ್ತಕ ಸುಡುವವರ ಕುರಿತ ಆ ಎರಡನೆಯದಕ್ಕೆ 200 ಪ್ರತಿಗಳ ಮಟ್ಟಿಗೆ ಬೆಂಕಿಗೆ ಬಗ್ಗದ ಆಸ್‌ಬೆಸ್ಟಾಸ್ ಹೊದಿಸಿದರು. ಬೆಂಕಿಯಿಂದ ಪುಸ್ತಕವನ್ನು ಕಾಯುವ ಆ ಬೈಂಡು ಸವೆದರೆ ಅದರ ಪುಡಿ ಸಂಗ್ರಾಹಕನ ಪುಪ್ಪುಸಕ್ಕೆ ಅಪಾಯ. ಬೆಲೆ ಅದಕ್ಕಾಗಿ ಇಳಿದಿಲ್ಲ.

ಕಾದಂಬರಿಗಳ ಈ ಗದ್ದಲದಲ್ಲಿ ಮೂಲೆಗುಂಪಾಗಿರುವುದು ಕಥಾಸಂಕಲನಗಳು. ಸೂಚಿಕಾರರು ಲೇಖಕನ ಸ್ವಂತ ಪುಸ್ತಕವನ್ನು ಮೊದಲ ಪಂಕ್ತಿಯಲ್ಲೂ, ಇತರರೊಂದಿಗೆ ಸೇರಿ ಬಂದದ್ದನ್ನು ಎರಡನೆಯ ಪಂಕ್ತಿಯಲ್ಲೂ ಕೂರಿಸುತ್ತಾರೆ. ಈ ಸಾಹಿತ್ಯದ ಜೀವ ಇರುವುದೋ ಸಣ್ಣಕಥೆಯಲ್ಲಿ. ಅಸಿಮೊವ್‌ರ ‘ನೈಟ್‌ಫಾಲ್’ ಹೆಸರಿನ ಸಂಕಲನ ಡಬಲ್‌ಡೇಯಿಂದ ಬಂದದ್ದು 1969ರಲ್ಲಿ. ಅಭಿಮಾನಿಗಳು ಹುಡುಕುವುದು ಅದನ್ನೇ. ಆದರೆ 1941ರಲ್ಲಿ ಪತ್ರಿಕೆಯಲ್ಲಿ ಬಂದಿದ್ದ ಆ ಕಥೆ 1946ರಷ್ಟು ಹಿಂದೆಯೇ ಹೀಲಿ ಮತ್ತು ಮೆಕೋಮಸ್ ಸಂಪಾದಿಸಿ ರ‍್ಯಾಂಡಮ್ ಹೌಸ್ ಪ್ರಕಟಿಸಿದ ‘ಅಡ್ವೆಂಚರ್ಸ್ ಇನ್ ಟೈಮ್ ಆ್ಯಂಡ್ ಸ್ಪೇಸ್’ ಎಂಬ ಸಾವಿರ ಪುಟಕ್ಕೆ ಮೂರೇ ಕಡಿಮೆ ಇರುವ ಸಂಕಲನದಲ್ಲಿ ಪುಸ್ತಕರೂಪ ಕಂಡಿತ್ತು. ಅದೇ ವರ್ಷ ಗ್ರಾಫ್ ಕಾಂಕ್ಲಿನ್ 40 ಕಥೆಗಳ ತಮ್ಮ ಸಂಕಲನ ತಂದಾಗ, ‘ಅಸ್ಟೌಂಡಿಂಗ್’ ಪತ್ರಿಕೆಯ ಒಳ್ಳೆಯ ಕಥೆಗಳ ಹಕ್ಕನ್ನು ಈ ಇಬ್ಬರು ಆಗಲೇ ಬಾಚಿಕೊಂಡಿದ್ದರು. ಮದುವೆಯೂಟಕ್ಕೆ ಎರಡನೆಯ ಪಂಕ್ತಿಯಲ್ಲಿ ಕೂತವರ ಪಾಡು ಕಾಂಕ್ಲಿನ್ನರದು. ಮೂರು ವರ್ಷ ಮೊದಲೇ, 1943ರಲ್ಲಿ, ಡೊನಾಲ್ಡ್ ವೊಲ್‌ಹೈಮ್ ಪಾಕೆಟ್ ಬುಕ್ಸ್‌ಗಾಗಿ ಒಂದು ಪುಟ್ಟ ಸಂಕಲನ ಮಾಡಿದ್ದರು. ಅದೂ ಪೇಪರ್‌ಬ್ಯಾಕೇ, ಹಾಗಾಗಿ ಅದನ್ನು ಸಂಕಲನಗಳ ಅಜ್ಜನೆಂದು ಒಪ್ಪಿಕೊಳ್ಳಲು ರಟ್ಟಿನವರಿಗೆ ಇಂದಿಗೂ ಇರಸುಮುರಸು. ಕ್ಲಾರ್ಕ್‌ರ ‘ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್’ ಕಥೆಗಂತೂ ಪತ್ರಿಕೆಯ ತವರೂ ಇಲ್ಲ. 1953ರಲ್ಲಿ ಫ್ರೆಡರಿಕ್ ಪೋಲ್ ಬ್ಯಾಲಂಟೈನ್‌ಗಾಗಿ ಹೊಸ ಕಥೆಗಳನ್ನೇ ಬರೆಸಿ ತಂದ ‘ಸ್ಟಾರ್’ ಸಂಕಲನದಲ್ಲೇ ಅದು ಹುಟ್ಟಿತು.

ಹೊಸ ಕಥೆಗಳ ಸಂಕಲನಗಳಲ್ಲಿ ದೊಡ್ಡದು ಹಾರ್ಲನ್ ಎಲಿಸನ್ ಸಂಪಾದಿಸಿದ ‘ಡೇಂಜರಸ್ ವಿಷನ್ಸ್’. 1967, ಡಬಲ್‌ಡೇ, 33 ಕಥೆಗಳು. ಲೈಬರ್, ಫಾರ್ಮರ್, ಡಿಲೇನಿ ಮೂವರೂ ಇದರೊಳಗಿನ ಕಥೆಗಳಿಗೆ ಪ್ರಶಸ್ತಿ ಪಡೆದರು. ಕ್ಲಬ್ ಪ್ರತಿಯ ಕಾಟ ಇದಕ್ಕೂ ಇದೆ, ಸಂದಿ ಇಣುಕುವ ವಿದ್ಯೆ ಇಲ್ಲೂ ಬೇಕು. 1972ರಲ್ಲಿ ಎರಡನೆಯ ಸಂಪುಟ ಬಂತು. ಮೂರನೆಯದಕ್ಕೂ ಕಥೆಗಳನ್ನು ತರಿಸಿಕೊಂಡು ಘೋಷಣೆಯೂ ಆಯಿತು, ಪುಸ್ತಕ ಮಾತ್ರ ಬರಲಿಲ್ಲ. 2018ರಲ್ಲಿ ಎಲಿಸನ್ ತೀರಿಕೊಂಡರು. ಕೊನೆಗೆ ‘ದಿ ಲಾಸ್ಟ್ ಡೇಂಜರಸ್ ವಿಷನ್ಸ್’ ಪ್ರಕಟವಾದದ್ದು 2024ರಲ್ಲಿ. ಅಂದು ಎಲಿಸನ್ ತರಿಸಿಕೊಂಡ ಕಥೆಗಳಲ್ಲಿ ಬಹಳಷ್ಟು ಅದರಲ್ಲಿ ಇಲ್ಲ. ಕಾದು ಬೇಸತ್ತ ಎಷ್ಟೋ ಲೇಖಕರು ಅವನ್ನು ಹಿಂದಕ್ಕೆ ಪಡೆದು ಬೇರೆ ಪತ್ರಿಕೆ, ಸಂಕಲನಗಳಿಗೆ ಕೊಟ್ಟಿದ್ದರು. ಆ ಕಥೆಗಳ ಮೊದಲ ಮುದ್ರಣವನ್ನು ಅಲ್ಲೇ ಹುಡುಕಬೇಕು, ಒಂದೊಂದಾಗಿ.